ಲೋಳೆಯಿಲ್ಲದ ದಂಟು

"ಇದು ಇಷ್ಟು ಸಲೀಸಾಗಿ ಬರಬಾರದಿತ್ತ್ರಿ, ಶೇವಂತಾಬಾಯಿ."

ಡಾಕ್ಟರ್ ಸುಂದರಾ ಮಗದುಮ್ ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆರಳುದ್ದದ ಕೊಳವೆ. ಒಳಗೆ ತಣ್ಣನೆಯ ಆಲ್ಕೋಹಾಲು. ಅದರ ನಡುವೆ ತೇಲುತ್ತಿದ್ದದ್ದು ಬೆಳ್ಳನೆಯ ಒಂದೆಳೆ ನೂಲು. ಗಿಡದ ಡಿಎನ್‌ಎ ಅಂದರೆ ಕಣ್ಣಿಗೆ ಕಾಣುವುದು ಇಷ್ಟೇ.

ಆ ಒಂದೆಳೆಗಾಗಿ ನಾನು ಮೂರು ವಾರದಿಂದ ಕಾಗವಾಡದ ಬಸ್ಸಿನಲ್ಲಿ ಬೆನ್ನು ಮುರಿದುಕೊಂಡಿದ್ದೆ. ಭೋಜದ ಮಲಕವ್ವ ಜನವರಿಯಿಂದ ಸಬ್‌ಜೈಲಿನಲ್ಲಿದ್ದಳು. ಬೇಡಕಿಹಾಳದ ಗಾಣದಲ್ಲಿ ಬೆಂಡೆಯ ದಂಟಿನ ಜೊತೆ ಮದಗುಣಿಕೆ ಎಂಬ ವಿಷದ ಗಿಡದ ದಂಟನ್ನೂ ಜಜ್ಜಿ ಹಾಕಿ, ಬಿಸಿ ಬೆಲ್ಲ ತಿಂದ ಕೂಲಿಯಾಳು ಮಾಯಪ್ಪನ ಸಾವಿಗೆ ಕಾರಣಳಾದಳು ಎಂಬುದು ಆಕೆಯ ಮೇಲಿನ ಆರೋಪ. ಆಕೆ ಜಜ್ಜಿದ್ದು ಬರೀ ಬೆಂಡೆ ಎಂದು ಹೇಳಬಲ್ಲ ಸಾಕ್ಷಿ ಒಂದೇ ಇತ್ತು. ಅದು ಅವತ್ತು ಬಕೆಟ್ಟಿನ ತಳದಿಂದ ಪೊಲೀಸರು ಬಳಿದುಕೊಂಡು ಹೋದ ಒಂದು ಹಿಡಿ ಸಿಪ್ಪೆ.

"ಸಲೀಸಾಗಿ ಬಂದ್ರ ಚಲೋ ಅಲ್ಲೇನ್ರಿ, ಡಾಕ್ಟರಬಾಯಿ?"

"ಅಲ್ಲ," ಎಂದರು ಸುಂದರಾ. ಅವರ ಮುಖದಲ್ಲಿ ಗೆದ್ದವರ ಕಳೆ ಇರಲಿಲ್ಲ. "ಒಂದ ಮಧ್ಯಾಹ್ನದಾಗ ಬಂತು. ಬೆಂಡಿ ಅನ್ನೋದು ಹಿಂಗ ಎಂದೂ ಬಗ್ಗೂದಿಲ್ಲ."

ನಾನು ಡಾಕ್ಟರಲ್ಲ, ಪೊಲೀಸಳೂ ಅಲ್ಲ. ತಾಲೂಕು ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುವ ಶೇವಂತಾ ಕಾಂಬಳೆ. ಹದಿನಾರು ವರ್ಷದಿಂದ ಈ ಸೀಮೆಯ ಸತ್ಯ ಸುಳ್ಳುಗಳೆಲ್ಲ ನನ್ನ ಬೆರಳ ಕೆಳಗೇ ಹಾದುಹೋಗಿವೆ. ಯಾವ ಸುಳ್ಳು ಯಾವ ಕಾಗದದಲ್ಲಿ ಹುಟ್ಟಿತು ಎಂದು ಹುಡುಕುವ ಚಟ ನನಗೆ ಹತ್ತಿದ್ದು ಹಾಗೆ. ಮಲಕವ್ವನ ಮೇಲಿನ ಸುಳ್ಳಂತೂ ನಾನೇ ಟೈಪ್ ಮಾಡಿದ ಕಾಗದದಲ್ಲಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಪೊಲೀಸರು ಆ ಸಿಪ್ಪೆಯನ್ನು ಮೊದಲು ದೂರದ ದೊಡ್ಡ ಲ್ಯಾಬೊಂದಕ್ಕೆ ಕಳಿಸಿದ್ದರು. ಅಲ್ಲಿಯವರು ಎರಡು ಸಲ ಪ್ರಯತ್ನಿಸಿ ಕೈ ಚೆಲ್ಲಿದರು. 'ಡಿಎನ್‌ಎ ಬೇರ್ಪಡಿಸಲಾಗಲಿಲ್ಲ. ಯಾವ ಗಿಡವೆಂದು ಹೇಳಲು ಸಾಧ್ಯವಿಲ್ಲ' ಎಂದು ಬರೆದು, ಉಳಿದ ಸಿಪ್ಪೆಯನ್ನು ಪುಡಿಕೆ ಕಟ್ಟಿ ಕೋರ್ಟಿಗೆ ಮರಳಿಸಿ ಕೈ ತೊಳೆದುಕೊಂಡರು. ತನಿಖೆಯ ಸಾಹೇಬರು ಅದನ್ನು ಓದಿ ಆರೋಪಪಟ್ಟಿಯಲ್ಲಿ ಬರೆಸಿದ್ದೇನು ಗೊತ್ತೇ? 'ಸಿಪ್ಪೆ ಬರೀ ಬೆಂಡೆಯದಲ್ಲವೆಂದು ಪ್ರಯೋಗಾಲಯ ತಿಳಿಸಿದೆ.'

ಹುಡುಕಿದವನ ಕೈಲಾಗಲಿಲ್ಲ ಎಂದರೆ ವಸ್ತುವೇ ಇಲ್ಲ ಎಂದಾಯಿತೇ? ಕತ್ತಲಲ್ಲಿ ಚಪ್ಪಲಿ ಸಿಗದಿದ್ದರೆ ಕಾಲೇ ಇಲ್ಲ ಎನ್ನುತ್ತಾರೆಯೇ? ಆ ಒಂದು ಸಾಲಿನ ಮೇಲೆ ಆರು ತಿಂಗಳಿಂದ ಒಬ್ಬ ಹೆಣ್ಣುಮಗಳು ಕಂಬಿ ಎಣಿಸುತ್ತಿದ್ದಳು. ಹಟ್ಟಿಯಲ್ಲಿ ಕುರಿ ಕಾಯಲು ಜನವಿಲ್ಲದೆ ಆಕೆಯ ಗಂಡ ಭೀಮಸಿ ಒದ್ದಾಡುತ್ತಿದ್ದ. ಹಾಗೆ ಬರೆಸಿದ ಸಾಹೇಬರು ಮಾತ್ರ ದಿನಾ ಹೊಟ್ಟೆ ತುಂಬ ಉಂಡು ಮಲಗುತ್ತಿದ್ದರು.

ಗಾಣದ ಕಡೆಯವರಿಗೆ ಬೆಂಡೆಯ ಮಾತು ಹೊಸದಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಬೆಂಡೆಯ ದಂಟನ್ನು ಕಲ್ಲಿನ ಮೇಲೆ ಜಜ್ಜಿ, ನೀರಿನಲ್ಲಿ ಹಿಸುಕಿ, ಆ ಲೋಳೆನೀರನ್ನು ಸುರಿಯುತ್ತಾರೆ. ಲೋಳೆ ಕೊಳೆಯನ್ನೆಲ್ಲ ಹಿಡಿದು ನೊರೆಯಾಗಿ ಮೇಲಕ್ಕೆ ತರುತ್ತದೆ. ನೊರೆ ತೆಗೆದು ಹಾಕಿದರೆ ಬೆಲ್ಲ ಹೊಂಬಣ್ಣಕ್ಕೆ ಬರುತ್ತದೆ. ಸುತ್ತಲಿನ ಗಾಣಗಳಿಗೆಲ್ಲ ದಂಟು ತಂದು ಜಜ್ಜಿಕೊಡುವುದು ಮಲಕವ್ವನ ಕೆಲಸ.

ಬೆಲ್ಲವನ್ನು ಉದ್ಧಾರ ಮಾಡುವ ಆ ಲೋಳೆಯೇ ಸುಂದರಾ ಅವರ ಜೀವ ತಿಂದಿತ್ತು.

ಅವರು ಕಾಗವಾಡದ ಹತ್ತಿರದ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ತಳಿ ಪರೀಕ್ಷೆ ಮಾಡುವವರು. ನನ್ನ ಮಾತು ಕೇಳಿ, ಕಂಪನಿಯ ಕೆಲಸ ಮುಗಿದ ಮೇಲೆ ಇದಕ್ಕೆ ಕೂರುತ್ತಿದ್ದರು. ಕೋರ್ಟಿನಿಂದ ಬಂದ ಸಿಪ್ಪೆ ಒಂದೇ ಹಿಡಿ. ಅದು ಕೆಟ್ಟರೆ ಎಲ್ಲ ಮುಗಿದಂತೆ. ಹಾಗಾಗಿ ಮೊದಲು ಕೈ ಪಳಗಿಸಿಕೊಳ್ಳಲು ಮಲಕವ್ವನ ಹಟ್ಟಿಯ ಬೇಲಿಯಿಂದಲೇ ಬೆಂಡೆಯ ದಂಟು ತರಿಸಿದರು. ನಾನೇ ಅದನ್ನು ಮಲಕವ್ವನ ಕಲ್ಲಿನ ಮೇಲೆ ಜಜ್ಜಿ, ನೆನೆಸಿ, ಒಣಗಿಸಿ ಕೊಟ್ಟೆ.

ಮೊದಲ ಸಲ ಕೊಳವೆಯಲ್ಲಿ ಬಂದದ್ದು ಕಂದು ಬಣ್ಣದ ಅಂಬಲಿ. ಎರಡನೆಯ ಸಲವೂ ಅಂಬಲಿಯೇ. ಸೂಜಿಯಂಥ ಪಿಪೆಟ್ಟಿನೊಳಕ್ಕೆ ಅದು ಏಳಲೊಲ್ಲದು, ಎದ್ದರೆ ಇಳಿಯಲೊಲ್ಲದು. ದಂಟಿನ ಒಗರು ಡಿಎನ್‌ಎಗೆ ಅಂಟಿಕೊಂಡು ಕಪ್ಪಾಗಿಸುತ್ತದೆ, ಲೋಳೆ ಅದನ್ನು ಅಪ್ಪಿಕೊಂಡು ಬಿಡುವುದೇ ಇಲ್ಲ ಎಂದು ಸುಂದರಾ ಅಂದರು.

ಆಮೇಲೆ ಶುರುವಾಯಿತು ಅವರ ಹಟ. ಎಮ್ಮೆಗಳಿಗೆ ಗರ್ಭ ಕಟ್ಟಿಸುವ ಡೇರಿಯವರ ಡಬ್ಬಿಯಿಂದ ಹೊಗೆಯಾಡುವ ದ್ರವ ಸಾರಜನಕ ತರಿಸಿ, ಸಿಪ್ಪೆಯನ್ನು ಅದರಲ್ಲಿ ಗಟ್ಟಿಯಾಗಿಸಿ ಹಿಟ್ಟು ಮಾಡಿದರು. ಒಗರನ್ನು ಹಿಡಿದಿಡಲು ಒಂದು ಬಿಳಿ ಪುಡಿ ಬೆರೆಸಿದರು. ಕಪ್ಪಾಗದಿರಲು ಇನ್ನೊಂದು ಔಷಧಿ ಹಾಕಿದರು, ಅದರ ವಾಸನೆಗೆ ನಾನು ಮೂಗು ಮುಚ್ಚಿಕೊಂಡು ಹೊರಗೋಡಿದೆ. ಉಪ್ಪನ್ನು ಮೂರು ಪಾಲು ಹೆಚ್ಚಿಸಿದರು. ಉಪ್ಪು ಜೋರಾದರೆ ಲೋಳೆ ನೀರಿನಲ್ಲೇ ಉಳಿದು ಡಿಎನ್‌ಎ ಮಾತ್ರ ಆಲ್ಕೋಹಾಲಿಗೆ ಇಳಿಯುತ್ತದಂತೆ. ಹೀಗೆ ತೊಳೆದು, ಸೋಸಿ, ಮತ್ತೆ ತೊಳೆದು, ಎಂಟನೆಯ ದಿನ ಬೇಲಿಯ ಬೆಂಡೆಯಿಂದ ಒಂದು ಅಚ್ಚ ಬಿಳಿ ಎಳೆ ಬಂದಿತ್ತು. ಅವತ್ತು ಇಬ್ಬರೂ ಚಹಾ ಕುಡಿದು ನಕ್ಕಿದ್ದೆವು.

ಈಗ ಕೋರ್ಟಿನ ಸಿಪ್ಪೆ ಒಂದೇ ಮಧ್ಯಾಹ್ನದಲ್ಲಿ ಎಳೆ ಕೊಟ್ಟಿತ್ತು.

ಮರುದಿನ ಸಂಜೆಗೆ ಚಿತ್ರ ಬಂತು. ಕಪ್ಪು ಹಲಗೆಯ ಮೇಲೆ ಬಿಳಿ ಪಟ್ಟೆಗಳ ಮೂರು ಸಾಲು. ಒಂದೊಂದು ಗಿಡಕ್ಕೂ ಅದರದೇ ಪಟ್ಟೆಗಳು. ಮೊದಲ ಸಾಲು ಬೇಲಿಯ ಬೆಂಡೆ, ಎರಡನೆಯದು ಹೋಲಿಸಿ ನೋಡಲು ಇಟ್ಟ ಮದಗುಣಿಕೆ, ಮೂರನೆಯದು ಕೋರ್ಟಿನ ಸಿಪ್ಪೆ.

ಓದು ಬಾರದವರಿಗೂ ಅರ್ಥವಾಗುವಂತಿತ್ತು. ಎರಡನೆಯ ಸಾಲು, ಮೂರನೆಯ ಸಾಲು ಒಂದೇ.

ನಾನು ಚಿತ್ರವನ್ನು ಕೈಗೆತ್ತಿಕೊಂಡೆ. "ಅಂದ್ರ ಮಲಕವ್ವ..."

"ಕೂಡ್ರಿ," ಎಂದರು ಸುಂದರಾ. "ಅವಸರ ಮಾಡಬ್ಯಾಡ್ರಿ. ಸರಿಯಾಗಿ ನೋಡ್ರಿ. ಬೆಂಡಿದು ಒಂದ ಪಟ್ಟಿನೂ ಇಲ್ಲಿಲ್ಲ. ಒಂದೂ ಇಲ್ಲ. ಆಕಿ ಬೆಂಡಿ ಜೋಡಿ ಮದಗುಣಕಿ ಕೂಡಿಸಿದ್ದರ ಎರಡೂ ಕಾಣಬೇಕಿತ್ತಲ್ಲ?"

ನಾನು ಪಟ್ಟೆಗಳ ಮೇಲೆ ಬೆರಳಿಟ್ಟು ಮತ್ತೆ ನೋಡಿದೆ.

"ಆ ದೊಡ್ಡ ಲ್ಯಾಬಿನವರು ಯಾಕ ಆಗಲಿಲ್ಲ ಅಂತ ಬರದಾರ? ಕಾಗದ ಐತೇನು ನಿಮ್ಮ ಹಂತ್ಯಾಕ?"

ಇಲ್ಲದೆ ಏನು? ನಾನು ಟೈಪ್ ಮಾಡಿದ ಕಾಗದದ ಪ್ರತಿ ನನ್ನ ಚೀಲ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಆರೋಪಪಟ್ಟಿಗೆ ಲಗತ್ತಿಸಿದ್ದ ಆ ಲ್ಯಾಬಿನ ವರದಿಯನ್ನು ತೆಗೆದು ಓದಿದೆ. 'ಮಾದರಿಯಿಂದ ವಿಪರೀತ ಜಿಗುಟಾದ ಲೋಳೆ ಹೊರಬಂದು ಪಿಪೆಟ್ಟಿನಲ್ಲಿ ಏಳಲಿಲ್ಲ.'

ಸುಂದರಾ ಮೇಜಿನ ಮೇಲೆ ಬೆರಳಿಂದ ಬಡಿದರು.

"ಮದಗುಣಕಿ ದಂಟು ಹಂಗ ಲೋಳಿ ಬಿಡೂದಿಲ್ರಿ. ಅವರ ಕೈಗೆ ಹೋದದ್ದು ಬೆಂಡಿ. ನನ್ನ ಕೈಗೆ ಬಂದದ್ದು ಬ್ಯಾರೆ. ಒಂದ ಪುಡಿಕಿ, ಒಂದ ಸಿಪ್ಪಿ ಅಂತಾರ. ಅಲ್ಲಿ ಲೋಳಿ ಇತ್ತು, ಇಲ್ಲಿ ಇಲ್ಲ. ನಡಬರಕ ಯಾರೋ ಬದಲ ಮಾಡ್ಯಾರ."

ನನಗೆ ಒಮ್ಮೆಲೇ ಅಳುವೂ ಸಿಟ್ಟೂ ಬಂದವು. ಮಲಕವ್ವನನ್ನು ಕಾಪಾಡಬಹುದಾಗಿದ್ದ ಒಂದೇ ಒಂದು ಹಿಡಿ ಸಿಪ್ಪೆಯನ್ನು ಯಾವನೋ ಎಸೆದುಬಿಟ್ಟಿದ್ದ. ಎಸೆದು, ಆಕೆಯ ಕೊರಳಿಗೆ ಬೀಳುವಂಥದ್ದನ್ನು ಅದರ ಜಾಗದಲ್ಲಿ ತುಂಬಿದ್ದ. ಬೆಂಡೆ ಆಕೆಯದಾದರೆ ವಿಷ ಕೊಪ್ಪರಿಗೆಗೆ ಬಿದ್ದದ್ದು ಬೇರೆಯವರ ಕೈಯಿಂದ. ಗಾಣದ ಮಾಲೀಕ ರಾವಸಾಹೇಬನ ಮನೆಯ ಬಾಗಿಲವರೆಗೂ ಹೋಗಬೇಕಾದ ತನಿಖೆ ಅದು. ಅದನ್ನು ತಡೆಯಲು ಇಷ್ಟೆಲ್ಲ.

"ಪುಡಿಕಿಗೆ ಮುದ್ರಿ ಇತ್ತಲ್ರಿ?"

"ಇತ್ತು. ಮೊದಲಿನ ಲ್ಯಾಬಿನವರು ಅರಗು ಸುರದು, ಒಂದು ರೂಪಾಯಿ ನಾಣ್ಯ ಒತ್ತಿ ಕಳಸಿದ್ರು. ಅದಕ್ಕೂ ಮುದ್ರಿ ಅಂತಾರ! ನಾಣ್ಯ ಯಾರ ಕಿಸೇದಾಗ ಇರೂದಿಲ್ಲ ಹೇಳ್ರಿ?"

"ಇದನ್ನೆಲ್ಲ ಬರದು ಕೊಡ್ತೀರೇನ್ರಿ?"

"ಕೊಡ್ತೀನಿ. ಆದ್ರ ಬೆಂಡಿ, ಮದಗುಣಕಿ ಎರಡನ್ನೂ ಇನ್ನೊಂದು ಸಲ ಮಾಡಿ ನೋಡದ ಸಹಿ ಮಾಡೂದಿಲ್ಲ. ನಾಲ್ಕ ದಿನ ಬೇಕು. ಅಲ್ಲೀತನಕ ಈ ಚಿತ್ರದ ಸುದ್ದಿ ನಿಮಗ, ನನಗ ಬಿಟ್ಟು ಯಾರಿಗೂ ಗೊತ್ತಾಗಬಾರದು."

ನಾನು ಆಣೆ ಇಟ್ಟು ಚಿತ್ರದ ಒಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡೆ. ಹೊರಡುವ ಮೊದಲು ಲ್ಯಾಬಿನ ಪುಸ್ತಕ ತೆರೆಸಿ ನೋಡಿದೆ. ಪುಡಿಕೆ ಬಂದದ್ದು ಜೂನ್ ಇಪ್ಪತ್ಮೂರು, ಸೋಮವಾರ. ತಂದವರ ಸಹಿ ಗುಂಡಗಿತ್ತು. ಅದು ಮಲಕವ್ವನ ವಕೀಲ ಗಂಗಾರಾಮನದು.

ಕೋರ್ಟಿನಿಂದ ಆತ ಅದನ್ನು ಪಡೆದದ್ದು ಶುಕ್ರವಾರ ಬೆಳಿಗ್ಗೆ. ಅರ್ಜಿ ಟೈಪ್ ಮಾಡಿದವಳು ನಾನೇ, ನನಗೆ ಗೊತ್ತು. ಶುಕ್ರವಾರ ಕೈಗೆ ಬಂದದ್ದು ಸೋಮವಾರ ಕಾಗವಾಡ ಮುಟ್ಟಿದೆ. ಬಸ್ಸಿಗೆ ಎರಡೂವರೆ ತಾಸಿನ ದಾರಿ.

ಗಂಗಾರಾಮನೆಂದರೆ ಯಾರೋ ದೂರದವನಲ್ಲ. ಮಲಕವ್ವನ ಅಣ್ಣನ ಮಗ. ತಾಯಿಯಿಲ್ಲದ ಹುಡುಗನನ್ನು ಹಟ್ಟಿಯಲ್ಲಿ ಕುರಿಹಾಲು ಕುಡಿಸಿ ಬೆಳೆಸಿ, ಹಾಸ್ಟೆಲ್ಲಿಗೆ ಸೇರಿಸಿ, ಕರಿ ಕೋಟು ಹಾಕಿಸಿದವಳು ಆಕೆ. ಬಸ್ಸಿನುದ್ದಕ್ಕೂ ನಾನು ಆತನ ಪರವಾಗಿ ಒಂದಾದರೂ ನೆವ ಹುಡುಕಿದೆ. ಜ್ವರ ಬಂದಿರಬಹುದು. ಬಸ್ಸು ಸಿಕ್ಕಿರಲಿಕ್ಕಿಲ್ಲ. ಯಾವುದೂ ನನಗೇ ಒಪ್ಪಿಗೆಯಾಗಲಿಲ್ಲ.

ಮರುದಿನ ಬೆಳಿಗ್ಗೆ ಹತ್ತೂವರೆಗೆ ನಾನಿನ್ನೂ ಯಂತ್ರದ ಮೇಲಿನ ಬಟ್ಟೆ ತೆಗೆಯುತ್ತಿದ್ದೆ. ಗಂಗಾರಾಮನೇ ಬೇವಿನ ಮರದ ಕೆಳಗೆ ಬಂದು ನಿಂತ. ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಫೈಲು.

"ಬಾಯಾರ, ಒಂದ ಅರ್ಜೆಂಟ್ ಅರ್ಜಿ ಐತ್ರಿ. ಹನ್ನೊಂದಕ್ಕ ನಮ್ಮ ಕೇಸ್ ಕರೀತಾರ."

"ಇವತ್ತು ತಾರೀಖು ಇರಲಿಲ್ಲಲ್ರಿ, ವಕೀಲ ಸಾಹೇಬ್ರ?"

"ಮುಂಚೇಕ ತಗೊಂಡೀನಿ. ಅತ್ತಿ ಒಳಗ ಭಾಳ ಹಣ್ಣಾಗ್ಯಾಳ. ಲಗೂ ಮುಗಿಸಿಬಿಡೂಣಂತ."

ಕೈಬರಹದ ಕರಡನ್ನು ಮುಂದಿಟ್ಟ. ಟೈಪಿಸ್ಟರ ಕಣ್ಣು ಬೇರೆಯವರಿಗಿಂತ ಬೇಗ ಓಡುತ್ತದೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ನನ್ನ ಕಿವಿ ಬಿಸಿಯಾದವು. 'ನಾನು ತಿಳಿಯದೆ ಬೆಂಡೆಯ ಜೊತೆ ಮದಗುಣಿಕೆಯ ದಂಟನ್ನೂ ಕೊಯ್ದು ತಂದು ಜಜ್ಜಿದ್ದು ನಿಜ. ಕಾಗವಾಡದ ಪ್ರಯೋಗಾಲಯದ ಪರೀಕ್ಷೆಯಲ್ಲಿಯೂ ಸಿಪ್ಪೆ ಮದಗುಣಿಕೆಯದೆಂದೇ ಕಂಡುಬಂದಿದೆ. ತಪ್ಪೊಪ್ಪಿಕೊಂಡು ದಯೆ ಬೇಡುತ್ತೇನೆ.'

ನಾನು ಕರಡನ್ನು ಕೆಳಗಿಟ್ಟೆ.

"ಕಾಗವಾಡದ ಪರೀಕ್ಷಾದಾಗ ಏನ್ ಬಂದೈತಿ ಅಂತ ನಿಮಗ ಯಾರು ಹೇಳಿದ್ರು?"

"ಲ್ಯಾಬಿನವರ..."

"ಲ್ಯಾಬಿನವರು ಇನ್ನೂ ಒಂದಕ್ಷರ ಬರದಿಲ್ಲ. ಚಿತ್ರ ತೆಗದದ್ದು ನಿನ್ನೆ ಸಂಜಿಕ. ನೋಡಿದಾಕಿ ನಾನು, ತೆಗದಾಕಿ ಡಾಕ್ಟರಬಾಯಿ. ಅದು ನನ್ನ ಚೀಲದಾಗ ಐತಿ. ನಿಮಗ ಹೆಂಗ ಗೊತ್ತಾತು, ಗಂಗಾರಾಮ?"

ಸಾಹೇಬ ಎನ್ನುವುದು ನನ್ನ ಬಾಯಿಂದ ಬರಲೇ ಇಲ್ಲ. ಆತ ಆ ಕಡೆ ಈ ಕಡೆ ನೋಡಿದ. ಪಕ್ಕದ ಮರದ ಕೆಳಗೆ ಇನ್ನೊಬ್ಬ ಟೈಪಿಸ್ಟು ರಿಬ್ಬನ್ ಸುತ್ತುತ್ತಿದ್ದ.

"ಅಂದಾಜಿನ ಮ್ಯಾಲೆ ಬರದೀನ್ರಿ."

"ನಿಮ್ಮನ್ನ ಸಾಕಿದಾಕಿ ಬೆಂಡಿ ಜೋಡಿ ಮದಗುಣಕಿ ಜಜ್ಜ್ಯಾಳ ಅಂತ ಅಂದಾಜು ಮಾಡಿದ್ರಿ? ಶುಕ್ರವಾರ ಇಸಗೊಂಡ ಪುಡಿಕಿ ಸೋಮವಾರದ ತನಕ ಎಲ್ಲಿತ್ತು?"

"ನನ್ನ ಮನ್ಯಾಗ. ಬೀಗದಾಗ."

"ಬೀಗದಾಗ ಇದ್ದದ್ದು ಬೆಂಡಿ ಹೋಗಿ ಮದಗುಣಕಿ ಆತೇನು?"

"ದನಿ ಸಣ್ಣ ಮಾಡ್ರಿ."

"ಯಾಕ ಮಾಡ್ಲಿ? ಪಂಚನಾಮೆದಾಗ ಬರದಾರ, ಅವತ್ತಿನ ಬೆಲ್ಲ ಬಂಗಾರದಂಗಿತ್ತಂತ. ಬರೀ ಮದಗುಣಕಿ ದಂಟಿಂದ ಎಲ್ಲಿಯರ ಬೆಲ್ಲ ತಿಳಿ ಆಗತೈತಿ? ಗಾಣದ ಮುಂದ ಒಂದ ದಿನ ಕುಂತಾವನೂ ಈ ತಪ್ಪು ಮಾಡೂದಿಲ್ಲ. ಪುಡಿಕಿ ಬದಲ ಮಾಡಿದಾಂವಗ ದಂಟು ಅಂದ್ರ ದಂಟು ಅಷ್ಟ. ಬೆಂಡಿ ಯಾಕ ಜಜ್ಜತಾರ ಅನ್ನೂದ ಗೊತ್ತಿಲ್ಲ. ಹಾಸ್ಟೆಲ್‌ನ್ಯಾಗ ಬೆಳದಾಂವ ಇರಬೇಕು."

ಗಂಗಾರಾಮನ ಮುಖ ಬಿಳಿಚಿತು. ಆದರೂ ವಕೀಲನ ನಾಲಿಗೆ, ಬೇಗ ಚೇತರಿಸಿಕೊಂಡಿತು.

"ಇದನ್ನೆಲ್ಲ ಕೋರ್ಟಿನ್ಯಾಗ ಯಾರು ಕೇಳ್ತಾರ್ರಿ? ಲೋಳಿ ಬಂತು, ಲೋಳಿ ಬರಲಿಲ್ಲ ಅಂತ ಹೇಳಿದ್ರ ನಗತಾರ. ತಿಳೀದ ಮಾಡಿದ ತಪ್ಪು ಅಂತ ಒಪ್ಪಿಕೊಂಡ್ರ ಶಿಕ್ಷೆ ಕಡಿಮಿ ಆಗತೈತಿ. ಇಲ್ಲಾಂದ್ರ ಅತ್ತಿ ಒಳಗ ಸಾಯ್ತಾಳ. ನಾ ಆಕಿ ಸಲುವಾಗಿ ಮಾಡಾಕತ್ತೀನಿ."

"ಆಕಿ ಸಲುವಾಗಿಯೋ, ರಾವಸಾಹೇಬನ ಸಲುವಾಗಿಯೋ?"

ಆತ ಕಣ್ಣು ತಪ್ಪಿಸಿ ಫೈಲಿನ ಪುಟ ತಿರುವತೊಡಗಿದ. ಅಷ್ಟೇ ಸಾಕಾಗಿತ್ತು ನನಗೆ. ಆದರೆ ಕೋರ್ಟಿಗೆ ಅಷ್ಟು ಸಾಲದು. ಸುಂದರಾ ಸಹಿ ಮಾಡಲು ಇನ್ನೂ ನಾಲ್ಕು ದಿನವಿತ್ತು. ನನ್ನ ಕೈಯಲ್ಲಿದ್ದ ಚಿತ್ರವನ್ನು ಬರೀ ಕಣ್ಣಿಗೆ ತೋರಿಸಿದರೆ ಅದು ಮಲಕವ್ವನ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ನಮ್ಮ ಇಡೀ ಸತ್ಯ ನಿಂತಿದ್ದದ್ದು ಒಂದು ಲ್ಯಾಬಿನವರು ಸೋತ ಕಾರಣದ ಮೇಲೆ.

"ಈ ಅರ್ಜಿ ನಾ ಟೈಪ್ ಹೊಡಿಯೂದಿಲ್ಲ," ಎಂದೆ. "ಸಾಬೀತು ಆಗೂತನಕ ನಾಲ್ಕ ದಿನ ಮುಂದ ಹಾಕಸ್ರಿ. ಇಲ್ಲಂದ್ರ ನಾನ ಜಡ್ಜ್ ಸಾಹೇಬರ ಮುಂದ ನಿಂತು ಹೇಳ್ತೀನಿ."

"ನೀವು ಯಾರಂತ ನಿಂತು ಹೇಳ್ತೀರಿ? ನೀವು ವಕೀಲರಲ್ಲ, ಸಾಕ್ಷಿನೂ ಅಲ್ಲ."

ಅದು ನಿಜವಾದ್ದರಿಂದಲೇ ನನಗೆ ಇನ್ನಷ್ಟು ಉರಿಯಿತು.

ಗಂಗಾರಾಮ ಫೈಲಿನಿಂದ ಕೋರ್ಟಿನ ಹಸಿರು ಕಾಗದವೊಂದನ್ನು ಎಳೆದು ಯಂತ್ರದ ಮೇಲಿಟ್ಟ. ಕಾಗದ ಪೂರ್ತಿ ಖಾಲಿ. ಬಲಗಡೆಯ ಕೆಳತುದಿಯಲ್ಲಿ ಮಾತ್ರ ನೀಲಿ ಶಾಯಿಯ ಒಂದು ಹೆಬ್ಬೆಟ್ಟು. ಅದರ ಪಕ್ಕದಲ್ಲಿ ಗುಂಡನೆಯ ಅಕ್ಷರದಲ್ಲಿ ಮಲಕವ್ವನ ಹೆಸರು.

"ಅತ್ತಿ ಒಪ್ಪ್ಯಾಳ್ರಿ. ಎಲ್ಲಾ ಓದಿ ಹೇಳೀನಿ. ಆಕಿನ ಒತ್ತಿ ಕೊಟ್ಟಾಳ. ಇನ್ನ ಮ್ಯಾಲಿನ ಸಾಲು ನೀವು ಹೊಡದ್ರೇನು, ಆ ಮರದ ಕೆಳಗಿನಾಂವ ಹೊಡದ್ರೇನು?"

ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು! ಇಷ್ಟು ವರ್ಷದಲ್ಲಿ ಎಂತೆಂಥ ಕಾಗದ ಕಂಡಿದ್ದೇನೆ. ಸಾಕಿದ ಅತ್ತೆಯ ಬೆರಳನ್ನು ತಾನೇ ಹಿಡಿದು ಶಾಯಿಗೆ ಅದ್ದಿದ ಮಗನನ್ನು ಕಂಡಿರಲಿಲ್ಲ. ಹರಿದು ಹಾಕಲು ಕೈ ಎತ್ತಿದೆ. ಹರಿದರೆ ಇನ್ನೊಂದು ಒತ್ತಿಸಿಕೊಂಡು ಬರುತ್ತಾನೆ. ಕೊಟ್ಟುಬಿಟ್ಟರೆ ಐದು ನಿಮಿಷದಲ್ಲಿ ಆ ಮರದ ಕೆಳಗೆ ಅರ್ಜಿ ತಯಾರಾಗುತ್ತದೆ. ನಾನು ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

"ಕೊಡ್ರಿ ಇಲ್ಲಿ," ಎಂದು ಗಂಗಾರಾಮ ಕೈ ಚಾಚಿದ.

ಗೇಟಿನೊಳಗೆ ಪೊಲೀಸ್ ವ್ಯಾನು ಬಂದು ನಿಂತಿತು. ಹಿಂದಿನ ಬಾಗಿಲಿನಿಂದ ಮಲಕವ್ವ ಇಳಿದಳು. ಆರು ತಿಂಗಳಿಗೆ ಆಕೆಯ ತೋಳು ಕಡ್ಡಿಯಾಗಿತ್ತು. ಆದರೆ ಅವತ್ತು ತಲೆ ಬಾಚಿ, ಸೆರಗನ್ನು ನೆಟ್ಟಗೆ ಹೊದ್ದುಕೊಂಡಿದ್ದಳು. ಮೆಟ್ಟಿಲ ಮೇಲಿಂದ ಜವಾನ ಆಕೆಯ ಹೆಸರು ಹಿಡಿದು ಮೊದಲ ಸಲ ಕೂಗಿದ.

ಪೊಲೀಸಳ ಕೈ ಬಿಡಿಸಿಕೊಂಡು ಆಕೆ ಬೇವಿನ ಮರದತ್ತ ಎರಡು ಹೆಜ್ಜೆ ಬಂದಳು. ನನ್ನ ಕೈಯಲ್ಲಿದ್ದ ಹಸಿರು ಕಾಗದವನ್ನು ನೋಡಿ ಆಕೆಯ ಮುಖ ಅರಳಿತು.

"ಇನ್ನೂ ಹೊಡದಿಲ್ಲೇನ ಶೇವಂತಾ? ಅದು ನನ್ನ ಬಿಡುಗಡಿ ಕಾಗದಂತ, ನಮ್ಮ ಗಂಗ್ಯಾ ಹೇಳ್ಯಾನ. ಲಗೂ ಹೊಡಿ ನನ್ನವ್ವಾ, ಹೊರಗ ನನ್ನ ಗಂಡ ಕಂಬಳಿ ತಗೊಂಡು ಕುಂತಾನ, ಇವತ್ತ ಮನಿಗಿ ಕರಕೊಂಡು ಹೋಗಾಕ."